ಲಾಲ್‌ಬಾಗ್ ಬಂಡೆ ಹಲಗೆಗೆ ಇಳಿದ ನಾಲ್ಕು ತಿಂಗಳು

ಮೂರನೇ ಫಲಕ ಕಳೆದ ವಾರ ಗೋಡೆಗೇರಿತು. ನಾಲ್ಕಡಿಗೆ ಮೂರಡಿ ಅಳತೆಯ ಮೂರು ಅಮೂರ್ತ ಚಿತ್ರಗಳು. ವಸ್ತು ಲಾಲ್‌ಬಾಗಿನ ಬಂಡೆ, ಮಾಧ್ಯಮ ಕುಂಚದ ಬದಲು ಹಲಗೆಯ ಮೇಲೆ ಸುರಿದ ಅಕ್ರಿಲಿಕ್ (ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಬಣ್ಣ), ಜಾಗ ಬೆಂಗಳೂರಿನ ಒಂದು ವಿಜ್ಞಾನ ಸಂಸ್ಥೆಯ ಹೊಸ ಕಟ್ಟಡದ ಕಾರಿಡಾರ್. ಜೂನ್ ಮೂರನೇ ವಾರ ಒಪ್ಪಿಕೊಂಡದ್ದು ಅಕ್ಟೋಬರ್ ಕೊನೆಗೆ ಮುಗಿಯಿತು. ಆರು ವಾರ ಸಾಕು ಎಂದು ಬರೆದುಕೊಟ್ಟಿದ್ದೆ. ಕೈಕೆಲಸವನ್ನೆಲ್ಲ ಕೂಡಿಸಿದರೆ ಹದಿನೈದು ದಿನ ದಾಟಲಿಕ್ಕಿಲ್ಲ. ಮಿಕ್ಕದ್ದೆಲ್ಲ ಒಣಗಲಿ ಎಂದು ಕಾದದ್ದು, ಕಾಗದಪತ್ರಕ್ಕೆ ಕಾದದ್ದು, ಕೆಟ್ಟದ್ದನ್ನು ಉಜ್ಜಿ ಮತ್ತೆ ಸುರಿದದ್ದು. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಮೊದಲು ಬಂಡೆ. ಕೆಂಪೇಗೌಡ ಗೋಪುರ ನಿಂತಿರುವ ಆ ಗುಡ್ಡ ಸುಮಾರು 300 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲಿನ ಜಾತಿ ಪೆನಿನ್ಸುಲರ್ ನೈಸ್, ಪಟ್ಟೆ ಪಟ್ಟೆಯಾಗಿರುವ ರೂಪಾಂತರ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಇಟ್ಟ ಹೆಸರು. ನಡುಮಧ್ಯಾಹ್ನ ಹೋದರೆ ಬೂದುಬಣ್ಣದ ದಿಬ್ಬ ಬಿಟ್ಟು ಏನೂ ಕಾಣುವುದಿಲ್ಲ. ಬೆಳಗ್ಗೆ ಏಳರ ಓರೆ ಬಿಸಿಲಿಗೆ, ಅದರಲ್ಲೂ ರಾತ್ರಿ ಮಳೆ ಬಂದು ಕಲ್ಲು ನೆಂದಿರುವಾಗ ಹೋಗಬೇಕು. ಆಗ ಪಟ್ಟೆಗಳು ಎದ್ದು ಬರುತ್ತವೆ: ಬಿಳಿ, ತಿಳಿಗುಲಾಬಿ ಪಟ್ಟೆಗಳಲ್ಲಿ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟೆಗಳಲ್ಲಿ ಬಯೊಟೈಟ್ ಎಂಬ ಕರಿ ಅಭ್ರಕ. ಕೆಲವೆಡೆ ಪಟ್ಟೆ ನೇರ, ಕೆಲವೆಡೆ ಕದಡಿದ ರಾಗಿ ಅಂಬಲಿಯಂತೆ ಸುಳಿ. ಇವೆರಡನ್ನೂ ಅಡ್ಡಡ್ಡ ಸೀಳಿಕೊಂಡು ಹೋಗಿರುವ ದಪ್ಪ ಹರಳಿನ ಬಿಳಿ ಎಳೆಗಳು ಬೇರೆ. ನನ್ನ ಮೂರು ಫಲಕಗಳೂ ಇವೇ: ನೇರ ಪಟ್ಟೆ, ಸುಳಿ, ಅಡ್ಡ ಎಳೆ.

ಬಂಡೆಯಿಂದ ಚೂರೂ ಕೆತ್ತಬೇಡಿ, ಮೇಲೆ ಸುಣ್ಣದಲ್ಲಿ ಗುರುತು ಹಾಕಬೇಡಿ. ಅದು ರಕ್ಷಿತ ಸ್ಮಾರಕ. ದಪ್ಪ ತಂತಿಯನ್ನು ಒಂದಡಿ ಚೌಕ ಬಗ್ಗಿಸಿ ಒಯ್ದೆ. ಅದನ್ನು ಕಲ್ಲಿನ ಮೇಲಿಟ್ಟು ನೇರ ಮೇಲಿನಿಂದ ಮೊಬೈಲ್‌ನಲ್ಲಿ ಫೋಟೋ. ಆ ಚೌಕ ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಪಟ್ಟೆ ಎಷ್ಟು ಅಗಲವಿತ್ತು ಎಂದು ಗೊತ್ತೇ ಆಗುವುದಿಲ್ಲ.

ಬಣ್ಣ ಮುಟ್ಟುವ ಮೊದಲು ಕಾಗದ. ಸಂಸ್ಥೆ ಕೇಳಿದ್ದು ಇಷ್ಟು: ದರಪಟ್ಟಿ, ಪ್ಯಾನ್ ಕಾರ್ಡ್ ನಕಲು, ರದ್ದು ಮಾಡಿದ ಚೆಕ್, ಪೂರೈಕೆದಾರರ ನೋಂದಣಿ ಫಾರಂ, ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಇಲ್ಲವೆಂದು ಸಹಿ ಮಾಡಿದ ಘೋಷಣೆ. ಜೊತೆಗೆ ನಿರೀಕ್ಷಿಸದ ಒಂದು: ಪ್ರತಿ ಫಲಕದ ತೂಕ, ನೇತುಹಾಕುವ ಬಗೆ, ಬಳಸಿದ ಸಾಮಗ್ರಿ ಇವನ್ನೆಲ್ಲ ನಮೂದಿಸಿದ ತಾಂತ್ರಿಕ ಹಾಳೆ. ಚಿತ್ರ ಬರೆಯುವ ಮೊದಲೇ ತೂಕ ಹೇಳುವುದು ಹೇಗೆ? ಹಲಗೆಯ ಲೆಕ್ಕದಿಂದ. ಅದಕ್ಕೆ ಮುಂದೆ ಬರುತ್ತೇನೆ. ನೋಂದಣಿಗೇ ಐದು ವಾರ ಹಿಡಿಯಿತು. ಒಂದು ಸಲ ಚೆಕ್‌ನಲ್ಲಿ ಹೆಸರು ಅಚ್ಚಾಗಿಲ್ಲವೆಂದು ವಾಪಸ್, ಇನ್ನೊಂದು ಸಲ ಪ್ಯಾನ್‌ನಲ್ಲಿ ಪೂರ್ಣ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್ ಎಂದು ವಾಪಸ್. ಮುಂಗಡ ಬರುವ ಹೊತ್ತಿಗೆ ಸಾಮಾನೆಲ್ಲ ಕೈಯಿಂದ ಕೊಂಡಾಗಿತ್ತು.

ಹಕ್ಕುಸ್ವಾಮ್ಯದ ಮಾತು ಎತ್ತಲು ಸಂಕೋಚ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಮೊದಲ ಹಕ್ಕುದಾರರು ಬರೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ನಮ್ಮಲ್ಲಿ ಬಹಳ ಜನ ಇದನ್ನು ತಿರುವುಮುರುವಾಗಿ ನಂಬಿದ್ದಾರೆ. ನಾಳೆ ಆ ಚಿತ್ರ ಕ್ಯಾಲೆಂಡರ್ ಮೇಲೆ ಬಂದರೂ ಬಾಯಿ ಬಿಡುವಂತಿಲ್ಲ. ಒಂದೇ ಸಾಲು ಸೇರಿಸಲು ಕೇಳಿದೆ: ಚಿತ್ರ ಸಂಸ್ಥೆಯದು, ಹಕ್ಕುಸ್ವಾಮ್ಯ ಕಲಾವಿದರದು, ಗೋಡೆಯ ಮೇಲಿನ ಪ್ರದರ್ಶನಕ್ಕೂ ಸಂಸ್ಥೆಯ ವರದಿಗಳಿಗೂ ಮುಕ್ತ ಅನುಮತಿ. ತಕರಾರಿಲ್ಲದೆ ಸೇರಿಸಿದರು. ಹೆಸರು ಹಾಕಬೇಕೆನ್ನುವ, ಚಿತ್ರವನ್ನು ವಿರೂಪಗೊಳಿಸಬಾರದೆನ್ನುವ ಹಕ್ಕು 57ನೇ ಕಲಮಿನಡಿ ಹೇಗೂ ಉಳಿಯುತ್ತದೆ.

ಈಗ ಹಲಗೆ. ಸುರಿಯುವ ಕೆಲಸಕ್ಕೆ ಕ್ಯಾನ್ವಾಸ್ ಯಾಕಾಗದು ಎಂದರೆ, ಈ ಅಳತೆಗೆ ಎರಡು ಲೀಟರ್ ದ್ರವ ಅದರ ಮೇಲೆ ಕೂರುತ್ತದೆ. ಎಷ್ಟು ಬಿಗಿದಿದ್ದರೂ ನಡು ಜಗ್ಗಿ ಬಣ್ಣವೆಲ್ಲ ಅಲ್ಲಿಗೆ ಹರಿದು ಕೆರೆಯಾಗುತ್ತದೆ, ಕೆರೆಯಾದ ಕಡೆ ಬಿರುಕು. ಹಾಗಾಗಿ 9 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್, ಹಿಂದೆ ಎರಡಿಂಚಿನ ಮರದ ಪಟ್ಟಿಯ ಚೌಕಟ್ಟು. ಎಂಟಡಿ–ನಾಲ್ಕಡಿ ಹಾಳೆಯಲ್ಲಿ ಈ ಅಳತೆಯವು ಎರಡೇ ಬರುತ್ತವೆ. ಮೂರಕ್ಕೆ ಎರಡು ಹಾಳೆ. ಉಳಿಯುವ ತುಂಡುಗಳನ್ನು ಬಿಸಾಡಬೇಡಿ, ಪರೀಕ್ಷೆಗೆ ಬೇಕಾಗುತ್ತವೆ. ಹಲಗೆ ಆರೂವರೆ ಕೆಜಿ, ಚೌಕಟ್ಟು ಮೂರು, ಒಣಗಿದ ಬಣ್ಣ ಒಂದು. ತಾಂತ್ರಿಕ ಹಾಳೆಯಲ್ಲಿ 11 ಕೆಜಿ ಎಂದು ಬರೆದೆ, ಸರಿಯಾಯಿತು.

"ಸಾರ್, ಇದ್ರ ಮೇಲೆ ಒಂದು ಮೈಕಾ ಅಂಟಿಸ್ಕೊಟ್ರೆ ಕನ್ನಡಿ ಥರ ಬರುತ್ತಲ್ಲ, ಯಾಕೆ ಒದ್ದಾಡ್ತೀರ?" ಎಂದ ಬಡಗಿ. ಕನ್ನಡಿ ಥರ ಇದ್ದರೆ ಬಣ್ಣ ಹಿಡಿಯುವುದಿಲ್ಲ, ಅದೇ ತೊಂದರೆ. ಬರೀ ಪ್ಲೈ ಮೇಲೂ ನೇರ ಬಣ್ಣ ಬೇಡ. ಅಕ್ರಿಲಿಕ್‌ನಲ್ಲಿರುವ ನೀರು ಮರದೊಳಗಿನ ಕಂದು ಒಗರನ್ನು ಎಳೆದು ಮೇಲಕ್ಕೆ ತರುತ್ತದೆ. ವಾರದ ನಂತರ ಬಿಳಿ ಪಟ್ಟೆ ಚಹಾ ಚೆಲ್ಲಿದ ಹಾಗೆ ಕಾಣುತ್ತದೆ. ಮೊದಲು ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್) ಎರಡು ಕೋಟು, ಒಂದೊಂದಕ್ಕೂ ಒಂದು ದಿನದ ಅಂತರ. ಆಮೇಲೆ ಜೆಸ್ಸೊ (ಬಣ್ಣ ಹಿಡಿಯಲೆಂದು ಬಳಿಯುವ ಬಿಳಿ ತಳಪದರ) ಮೂರು ಕೋಟು, ನಡುವೆ 220 ನಂಬರ್ ಉಪ್ಪುಕಾಗದ. ಹಿಂಬದಿಗೂ ಒಂದು ಕೋಟು ಬಳಿಯದಿದ್ದರೆ ಮಳೆಗಾಲದಲ್ಲಿ ಹಲಗೆ ಒಂದು ಕಡೆಗೆ ಬಾಗುತ್ತದೆ.

ಕೆಂಪಿಗೆ ಕೆಮ್ಮಣ್ಣೇ ಬಳಸಿದೆ. ಕರಾವಳಿಯ ಕಾವಿ ಕಲೆಯಲ್ಲಿ ಸುಣ್ಣದ ಗೋಡೆಗೆ ಹತ್ತುತ್ತಿದ್ದದ್ದೂ ಈ ಬಗೆಯ ಮಣ್ಣೇ, ಬಿಸಿಲಿಗೆ ಮಾಸುವುದಿಲ್ಲ. ಎರಡು ಕೆಜಿ ಮಣ್ಣು, ಹತ್ತು ಲೀಟರ್ ನೀರು, ಚೆನ್ನಾಗಿ ಕಲಕಿ ಒಂದು ನಿಮಿಷ ಬಿಡಿ. ಮರಳು ಅಷ್ಟರಲ್ಲಿ ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಪಂಚೆ ಬಟ್ಟೆಯಲ್ಲಿ ಇನ್ನೊಂದು ಬಕೆಟ್‌ಗೆ ಸೋಸಿ. ಇಷ್ಟೇ ಸಾಲದು, ಇನ್ನೆರಡು ಸಲ ಮಾಡಿ. ನಯವಾದ ಕಣ ಇಳಿಯಲು ಎಷ್ಟು ಹೊತ್ತು ಬೇಕೆಂದರೆ, 2 ಮೈಕ್ರಾನಿನ ಜೇಡಿಕಣ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು ಸುಮಾರು ಎಂಟು ಗಂಟೆ. ಬಕೆಟ್ ಆಳಕ್ಕೆ ಒಂದು ಇಡೀ ದಿನ. ತಿಳಿನೀರು ಚೆಲ್ಲಿ, ತಟ್ಟೆಯಲ್ಲಿ ಒಣಗಿಸಿ, ಅರೆದರೆ ನನಗೆ 320 ಗ್ರಾಂ ಸಿಕ್ಕಿತು. ಅರೆಯುವಾಗ ಮಾಸ್ಕ್ ಕಡ್ಡಾಯ. ಮಣ್ಣಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಹಳೆಯ ಮಾತಿನಂತೆ ಬಾಯಿಗೆ ಬಟ್ಟೆ ಕಟ್ಟಿದರೆ ಸಾಕಾಗುವುದಿಲ್ಲ.

ಕಪ್ಪಿಗೂ ಮಣ್ಣೇ ಇರಲಿ ಎಂದು ಬಯಲುಸೀಮೆಯ ಎರೆಮಣ್ಣು ತರಿಸಿ ಇದೇ ರೀತಿ ತೊಳೆದೆ. ಅದು ಶುದ್ಧ ದಂಡ. ಪರೀಕ್ಷೆಯ ತುಂಡಿನ ಮೇಲೆ ಸಂಜೆ ಸುರಿದದ್ದು ಮರುದಿನ ಮಧ್ಯಾಹ್ನದ ಹೊತ್ತಿಗೆ ಬೇಸಿಗೆಯ ಜೋಳದ ಹೊಲದ ಹಾಗೆ ಬಿರಿದಿತ್ತು. ಕೆಮ್ಮಣ್ಣಿನ ಜೇಡಿ ನೀರು ಕುಡಿದು ಉಬ್ಬುವ ಜಾತಿಯದಲ್ಲ. ಎರೆಮಣ್ಣಿನದು ಉಬ್ಬುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ. ಹೊಲದಲ್ಲಿ ಬಿರುಕು ಬಿಡುವುದಕ್ಕೂ ಹಲಗೆಯ ಮೇಲೆ ಬಿಡುವುದಕ್ಕೂ ಕಾರಣ ಒಂದೇ. ಅಕ್ರಿಲಿಕ್ ಎಷ್ಟೇ ಸೇರಿಸಿದರೂ ನಿಲ್ಲಲಿಲ್ಲ. ಬಿರುಕೇ ಬೇಕೆಂಬ ಚಿತ್ರವಿದ್ದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನು ಈ ಇಡೀ ಕೆಲಸದ ಗುಟ್ಟು: ತಕ್ಕಡಿ. 1936ರಲ್ಲಿ ನ್ಯೂಯಾರ್ಕಿನ ತನ್ನ ಪ್ರಯೋಗಶಾಲೆಯಲ್ಲಿ ಮೆಕ್ಸಿಕೋದ ಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೋಸ್ ಬಣ್ಣದ ಮೇಲೆ ಬಣ್ಣ ಸುರಿದು, ಅವು ತಾವಾಗಿ ಒಂದರೊಳಗೊಂದು ನುಗ್ಗಿ ಬಿಡಿಸುವ ಚಿತ್ತಾರವನ್ನು ಬಳಸಿಕೊಂಡ. ಆ ಶಾಲೆಗೆ ಹೋಗಿದ್ದವರಲ್ಲಿ ಜಾಕ್ಸನ್ ಪೊಲಾಕ್ ಒಬ್ಬ. 2015ರಲ್ಲಿ ಮೆಕ್ಸಿಕೋದ ಸಂಶೋಧಕರು ಇದನ್ನೇ ಪ್ರಯೋಗ ಮಾಡಿ ತೋರಿಸಿದರು: ಭಾರದ ಬಿಳಿಯನ್ನು ಹಗುರ ಕಪ್ಪಿನ ಮೇಲೆ ಸುರಿದರೆ ಬಿಳಿ ಇಳಿಯುತ್ತದೆ, ಕಪ್ಪು ಏಳುತ್ತದೆ, ಅದಲುಬದಲು ಮಾಡಿದರೆ ಏನೂ ಆಗುವುದಿಲ್ಲ. ಭೌತವಿಜ್ಞಾನದಲ್ಲಿ ಇದಕ್ಕೆ ರೇಲೀ–ಟೇಲರ್ ಅಸ್ಥಿರತೆ ಎನ್ನುತ್ತಾರೆ. ನಮಗೆ ಬೇಕಾದ ತಾತ್ಪರ್ಯ, ಸುರಿಯುವಾಗ ಬಣ್ಣದ ಬಣ್ಣ ನೋಡಬಾರದು, ತೂಕ ನೋಡಬೇಕು.

ಸೂಜಿಯಿಲ್ಲದ 10 ಎಂಎಲ್ ಸಿರಿಂಜ್, 0.1 ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು. ಸಿರಿಂಜಿನ ತೂಕ ಕಳೆದು, ಗುಳ್ಳೆ ಇಲ್ಲದಂತೆ ಮಿಶ್ರಣ ಎಳೆದು ತೂಗಿ. ನನ್ನವು: ಟೈಟಾನಿಯಂ ಬಿಳಿ 11.7 ಗ್ರಾಂ, ಕೆಮ್ಮಣ್ಣು 11.2, ಕಾರ್ಬನ್ ಕಪ್ಪು 10.6, ಮಾರ್ಸ್ ಕಪ್ಪು 11.5. ಕೊನೆಯ ಎರಡನ್ನು ಮತ್ತೊಮ್ಮೆ ನೋಡಿ. ಕಾರ್ಬನ್ ಕಪ್ಪು ಎಂದರೆ ಮಸಿ, ಹಗುರ. ಮಾರ್ಸ್ ಕಪ್ಪು ಎಂದರೆ ಕಬ್ಬಿಣದ ಆಕ್ಸೈಡ್, ಮಸಿಯ ಎರಡೂವರೆ ಪಟ್ಟಿಗೂ ಮೀರಿ ಸಾಂದ್ರ. ಕಣ್ಣಿಗೆ ಒಂದೇ ಕಪ್ಪು, ತಕ್ಕಡಿಗೆ ಎರಡು. ನೇರ ಪಟ್ಟೆಯ ಫಲಕಕ್ಕೆ ಮಾರ್ಸ್ ಕಪ್ಪು: ಬಿಳಿಗೆ ಸರಿಸಮ ತೂಕ, ಇಟ್ಟಲ್ಲೇ ಇರುತ್ತದೆ. ಸುಳಿಯ ಫಲಕಕ್ಕೆ ಕಾರ್ಬನ್ ಕಪ್ಪು ಕೆಳಗೆ, ಬಿಳಿ ಮೇಲೆ. ಅಂಗಡಿಯಲ್ಲಿ ಬಾಟಲಿಯ ಮೇಲೆ ಬರೀ 'ಕಪ್ಪು' ಎಂದಿದ್ದರೆ ಕೊಳ್ಳಬೇಡಿ. ಪಿಬಿಕೆ 7 ಎಂದಿದ್ದರೆ ಕಾರ್ಬನ್, ಪಿಬಿಕೆ 11 ಎಂದಿದ್ದರೆ ಮಾರ್ಸ್.

ಮಿಶ್ರಣ: ಒಂದು ಪಾಲು ಬಣ್ಣ, ಎರಡು ಪಾಲು ಪೋರಿಂಗ್ ಮೀಡಿಯಂ (ಬಣ್ಣವನ್ನು ಸರಾಗ ಹರಿಯುವಂತೆ ಮಾಡುವ ದ್ರವ), ನೀರು ಹತ್ತನೇ ಒಂದಕ್ಕಿಂತ ಕಡಿಮೆ. ಮೀಡಿಯಂ ದುಬಾರಿ ಎಂದು ಮರಗೆಲಸದ ಬಿಳಿ ಅಂಟು ಬೆರೆಸುವವರಿದ್ದಾರೆ. ಅಭ್ಯಾಸಕ್ಕೆ ಸರಿ, ಮಾರುವ ಚಿತ್ರಕ್ಕೆ ಬೇಡ. ತೇವಕ್ಕೆ ಮೆತ್ತಗಾಗುತ್ತದೆ, ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಎಷ್ಟು ಬೇಕು? ಈ ಅಳತೆಗೆ ಒಂದು ಎಂಎಂ ದಪ್ಪಕ್ಕೆ 1.1 ಲೀಟರ್. ಒಂದೂವರೆ ಎಂಎಂ ಇರಬೇಕು, ಅಂಚಿನಿಂದ ಸೋರುವುದು ಸೇರಿ ಫಲಕಕ್ಕೆ 2.25 ಲೀಟರ್ ಕಲಸಿಡಿ. ನಡುವೆ ಮುಗಿದರೆ ಮತ್ತೆ ಕಲಸುವಷ್ಟರಲ್ಲಿ ಹಾಕಿದ್ದು ತೊಗಲು ಕಟ್ಟಿರುತ್ತದೆ. ಹದ ಒಂದೇ ಇದೆಯೇ ಎಂದು ನೋಡಲು ಲೋಟದ ತಳಕ್ಕೆ 4 ಎಂಎಂ ತೂತು ಕೊರೆದು ಪ್ರತಿ ಬಣ್ಣವೂ ಅದರಿಂದ ಇಳಿಯುವ ಸೆಕೆಂಡ್ ಎಣಿಸಿದೆ. ಎರಡು ಸೆಕೆಂಡಿನ ಒಳಗೆ ಹೊಂದುವ ತನಕ ತಿದ್ದಿದೆ. ಹಿಂದಿನ ರಾತ್ರಿಯೇ ಕಲಸಿ ಮುಚ್ಚಿಟ್ಟರೆ ಗುಳ್ಳೆ ತಾನೇ ಏರಿ ಹೋಗುತ್ತದೆ. ಸುರಿಯುವ ಮುಂಚೆ ಟೀ ಸೋಸುವ ಜಾಲರಿಯಲ್ಲಿ ಒಮ್ಮೆ ಸೋಸಿ.

ಹಲಗೆಯನ್ನು ನಾಲ್ಕು ಡಬ್ಬಗಳ ಮೇಲಿಟ್ಟು, ಎರಡೂ ದಿಕ್ಕಿಗೆ ರಸಮಟ್ಟ ಇಟ್ಟು ನೋಡಿ. ಕೊರತೆ ಇದ್ದ ಮೂಲೆಗೆ ಇಸ್ಪೀಟ್ ಎಲೆ ತುರುಕಿದೆ, ಒಂದೊಂದು ಎಲೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ.

ಸುಳಿಯ ಫಲಕ ಸುರಿದ ಕ್ಷಣ ಹೇಳಲೇಬೇಕು. ಕಪ್ಪು ಹರಡಿ ಮೇಲೆ ಬಿಳಿ ಸುರಿದ ಮೇಲೆ ಇಪ್ಪತ್ತು ಮೂವತ್ತು ಸೆಕೆಂಡ್ ಏನೂ ಇಲ್ಲ. ಬರೀ ಬಿಳಿ, ಹಾಲು ಚೆಲ್ಲಿದಂತೆ. ಆಮೇಲೆ ಒಂದು ಕಡೆ ಸಾಸಿವೆಯಷ್ಟು ಕರಿ ಚುಕ್ಕೆ. ಪಕ್ಕದಲ್ಲಿ ಇನ್ನೊಂದು. ಚುಕ್ಕೆ ಕಡಲೆಯಷ್ಟಾಗುತ್ತದೆ, ಸುತ್ತ ಬಿಳಿಯ ಅಂಚು ಕಟ್ಟುತ್ತದೆ, ಎರಡು ಒತ್ತಿಕೊಂಡು ನಡುವೆ ನೇರ ಗೆರೆ ಮೂಡುತ್ತದೆ. ಈ ಹೊತ್ತಿಗೆ ಕೈ ತಡೆಯುವುದಿಲ್ಲ, ಹಲಗೆ ಅಲುಗಿಸಬೇಕೆನಿಸುತ್ತದೆ. ಮೂರು ನಿಮಿಷ ಮುಟ್ಟಬೇಡಿ. ನಾಲ್ಕನೇ ನಿಮಿಷಕ್ಕೆ ಒಂದು ಅಂಚನ್ನು ಬೆರಳಗಲ ಎತ್ತಿ ಇಳಿಸಿದೆ. ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದು ಪಟ್ಟೆಯಾದವು. ಸಿಲಿಕೋನ್ ಎಣ್ಣೆ ಹಾಕಿದರೆ ಚುಕ್ಕೆ ಬೇಗ ಏಳುತ್ತದೆ ಎನ್ನುತ್ತಾರೆ, ನಿಜವೇ. ಆದರೆ ಒಣಗಿದ ಮೇಲೂ ಎಣ್ಣೆ ಮೇಲೇ ಕೂತಿರುತ್ತದೆ, ವಾರ್ನಿಶ್ ಅಲ್ಲಿಂದ ಸರಿದು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ತೂಕದ ವ್ಯತ್ಯಾಸವೇ ಕೆಲಸ ಮಾಡುವಾಗ ಎಣ್ಣೆ ಯಾಕೆ.

ಸೋರಿದ ಬಣ್ಣ, ತೊಳೆದ ನೀರು ಸಿಂಕ್‌ಗೆ ಬೇಡ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿಸಿ ಸುಲಿದು ಬಿಸಾಡಿ. ಇಲ್ಲದಿದ್ದರೆ ಪೈಪ್ ಒಡೆಸುವ ಖರ್ಚೂ ಸೇರುತ್ತದೆ.

ಮೊದಲ ಫಲಕ ಸುರಿದದ್ದು ಜುಲೈ ಎರಡನೇ ವಾರ, ಆಷಾಢದ ಜಡಿಮಳೆ. ಎರಡು ದಿನಕ್ಕೆ ಮೇಲೆ ತೊಗಲು ಕಟ್ಟಿತು. ಒಂಬತ್ತನೇ ದಿನವೂ ಬೆರಳೊತ್ತಿದರೆ ಒಳಗೆ ಮೊಸರು. ಗಡುವು ನೆನಪಾಗಿ ಫ್ಯಾನ್ ಹಾಕಿದ್ದು ತಪ್ಪು. ಮರುದಿನ ಬೆಳಗ್ಗೆ ಎಡ ಅಂಚಿನುದ್ದಕ್ಕೂ ಕೂದಲೆಳೆಯ ಬಿರುಕು, ಸಂಜೆಗೆ ಅದು ದಾರದಷ್ಟು ಅಗಲ. ಗಾಳಿಗೆ ಮೇಲ್ಪದರ ಒಣಗಿ ಕುಗ್ಗುತ್ತದೆ. ಕೆಳಗಿನದು ಇನ್ನೂ ಹಸಿ, ಕುಗ್ಗುವ ತೊಗಲಿಗೆ ಹಿಡಿತವಿಲ್ಲ, ಎಲ್ಲಿ ಬಣ್ಣ ದಪ್ಪವೋ ಅಲ್ಲೇ ಹರಿಯುತ್ತದೆ. ಎಡ ಅಂಚಿನಲ್ಲಿ ಮೂರು ಎಂಎಂ ನಿಂತಿತ್ತು. ತೇಪೆ ಹಾಕಿದರೆ ಗೊತ್ತಾಗುತ್ತದೆ. ಹದಿನೈದು ದಿನ ಬಿಟ್ಟು, ಪೂರ್ತಿ ಉಜ್ಜಿ, ಜೆಸ್ಸೊ ಬಳಿದು ಮತ್ತೆ ಸುರಿದೆ. ಎರಡನೇ ಸಲ ಉಲ್ಟಾ ದಾರಿ: ಫ್ಯಾನ್ ಬಂದ್, ಕಿಟಕಿ ಬಂದ್, ಹಲಗೆಯ ಮೇಲೆ ಒಂದಡಿ ಎತ್ತರಕ್ಕೆ ಪ್ಲಾಸ್ಟಿಕ್ ಹಾಳೆಯ ಗುಡಾರ. ನಿಧಾನವಾಗಿ ಒಣಗಲು ಬಿಡಬೇಕು, ಅವಸರ ಬೇಡ. ಮುಟ್ಟಲು ಒಣಗಲು ಮೂರು ದಿನ, ಒಳಗೆ ಗಟ್ಟಿಯಾಗಲು ಎರಡು ವಾರ, ವಾರ್ನಿಶ್‌ಗೆ ನಾಲ್ಕು ವಾರ ಎಂದು ಗಡುವು ಬರೆದುಕೊಡಿ. ಮಳೆಗಾಲವಾದರೆ ಅರ್ಧದಷ್ಟು ಸೇರಿಸಿ.

ಆಗಸ್ಟ್ ಕೊನೆಗೆ ಸಂಸ್ಥೆಯ ಭೂವಿಜ್ಞಾನಿ ನೋಡಲು ಬಂದರು. ಮೂರನೇ ಫಲಕದ ಮುಂದೆ ನಿಂತು, "ಎಳೆ ಚೆನ್ನಾಗಿದೆ, ಆದರೆ ಇಲ್ಲಿ ಕಪ್ಪು ಪಟ್ಟೆ ಅದರ ಮೇಲೆ ಹಾದುಹೋಗಿದೆಯಲ್ಲ? ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು. ನೀವು ವಯಸ್ಸು ತಿರುಗಿಸಿಬಿಟ್ಟಿದ್ದೀರಿ" ಎಂದರು. ಅಮೂರ್ತ ಚಿತ್ರ ತಾನೇ ಎಂದು ವಾದಿಸಬಹುದಿತ್ತು. ಆದರೆ ಆ ಕಾರಿಡಾರಿನಲ್ಲಿ ದಿನಾ ಓಡಾಡುವವರೆಲ್ಲ ಅದನ್ನು ಓದಬಲ್ಲವರು. ಬಂಡೆ ಕಟ್ಟಿಕೊಂಡ ಕ್ರಮದಲ್ಲೇ ಹಲಗೆಯೂ ಕಟ್ಟಿಕೊಳ್ಳಬೇಕು: ಪಟ್ಟೆ ಮೊದಲು, ಅದು ಗಟ್ಟಿಯಾದ ಮೇಲೆ ಎಳೆ. ಟೇಪ್ ಹಚ್ಚಿ ಎರಡೂವರೆ ಇಂಚಿನ ದಾರಿ ಬಿಟ್ಟು, ದಪ್ಪ ಅಕ್ರಿಲಿಕ್ ಜೆಲ್‌ಗೆ ಬಿಳಿ ಮತ್ತು ಒರಟು ಅಭ್ರಕದ ಪುಡಿ ಕಲಸಿ ಚಾಕುವಿನಲ್ಲಿ ಎಳೆದೆ. ಟೇಪಿನ ಅಂಚಿಗೆ ಮೊದಲು ಬಣ್ಣವಿಲ್ಲದ ಮೀಡಿಯಂ ಒಂದು ಸಲ ಸವರಿದರೆ ಕೆಳಗೆ ಬಿಳಿ ನುಗ್ಗುವುದಿಲ್ಲ. ಜೆಲ್ ಹಸಿ ಇರುವಾಗಲೇ ಟೇಪ್ ಕೀಳಬೇಕು. ಈ ತಿದ್ದುಪಡಿಗೆ ಮೂರು ವಾರ ಹೋಯಿತು, ಚಿತ್ರ ಮಾತ್ರ ಮೊದಲಿಗಿಂತ ಚೆನ್ನಾಯಿತು.

ವಾರ್ನಿಶ್ ಬಗ್ಗೆ ಎರಡೇ ಮಾತು. ಮೊದಲು ತೆಗೆಯಲಾಗದ ಅಕ್ರಿಲಿಕ್ ರಕ್ಷಾಪದರ, ಅದರ ಮೇಲೆ ತೆಗೆಯಬಲ್ಲ ವಾರ್ನಿಶ್. ಮುಂದೆ ಯಾರಾದರೂ ಶುಚಿ ಮಾಡುವಾಗ ಬಣ್ಣಕ್ಕೆ ಕೈ ತಗಲುವುದಿಲ್ಲ. ಮಳೆ ಬರುವ ದಿನ ಹಚ್ಚಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ.

ಸಾಗಿಸುವಾಗ ಇನ್ನೊಂದು ಎಡವಟ್ಟು. ಗುಳ್ಳೆ ಪ್ಲಾಸ್ಟಿಕ್ಕನ್ನು ಗುಳ್ಳೆ ಒಳಮುಖವಾಗಿ ಸುತ್ತಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಟೆಂಪೊ ಎರಡು ಗಂಟೆ ನಿಂತಿತ್ತು. ಬಿಚ್ಚಿದರೆ ಎರಡನೇ ಫಲಕದ ಬಲ ಮೂಲೆಯಲ್ಲಿ ಸಾಲುಸಾಲು ವೃತ್ತಗಳ ಅಚ್ಚು. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಚಪ್ಪಟೆಯಾಗಿ ಮಲಗಿಸಿ ಐದು ದಿನ ಬಿಟ್ಟಾಗ ಮುಕ್ಕಾಲು ಪಾಲು ಮಾಯವಾಯಿತು, ಉಳಿದದ್ದಕ್ಕೆ ಇನ್ನೊಂದು ಕೈ ವಾರ್ನಿಶ್. ಚಿತ್ರಕ್ಕೆ ತಗಲುವಂತೆ ಮೊದಲು ಬೇಕಿಂಗ್ ಪೇಪರ್, ಆಮೇಲೆ ಥರ್ಮೊಕೋಲ್ ಅಂಚು, ಕೊನೆಗೆ ಗುಳ್ಳೆ ಹೊರಮುಖವಾಗಿ ಪ್ಲಾಸ್ಟಿಕ್. ಗೋಡೆ ಟೊಳ್ಳು ಬ್ಲಾಕಿನದಾಗಿದ್ದರಿಂದ ಮಾಮೂಲು ಪ್ಲಗ್ ನಿಲ್ಲಲಿಲ್ಲ. ಟೊಳ್ಳು ಗೋಡೆಗೆಂದೇ ಬರುವ ಆಂಕರ್ ತರಿಸಿ, ಫಲಕಕ್ಕೆ ಎರಡರಂತೆ ಹಾಕಿಸಿದೆ.

ಖರ್ಚು: ಪ್ಲೈವುಡ್ 7,000, ಬಡಗಿ 5,400, ಮೀಡಿಯಂ ಮತ್ತು ಜೆಸ್ಸೊ 9,800, ಬಣ್ಣ 7,600, ವಾರ್ನಿಶ್ 3,200, ಪರೀಕ್ಷೆಗೂ ಕೆಟ್ಟದ್ದಕ್ಕೂ 2,500, ಪ್ಯಾಕಿಂಗ್ ಮತ್ತು ಟೆಂಪೊ 4,300, ಆಂಕರ್ ಇತ್ಯಾದಿ 1,500. ಒಟ್ಟು 41,300 ರೂಪಾಯಿ. ದರಪಟ್ಟಿಯಲ್ಲಿ ಸಾಮಗ್ರಿಗೆಂದು ತೋರಿಸಿದ್ದು 30,000. ಒಂದು ಫಲಕ ಕೆಡುತ್ತದೆ ಎಂದು ಲೆಕ್ಕಕ್ಕೆ ಹಿಡಿದೇ ದರ ಬರೆಯಿರಿ. ಮುಂಗಡದಲ್ಲಿ ಟಿಡಿಎಸ್ ಮುರಿದುಕೊಂಡಿದ್ದಾರೆ, ಅದರ ಪ್ರಮಾಣಪತ್ರವನ್ನು ಕೇಳಿಯೇ ಪಡೆಯಬೇಕು. ಉಳಿದ ಅರ್ಧಕ್ಕೆ ಬಿಲ್ ಕೊಟ್ಟು ಆರು ದಿನವಾಗಿದೆ.

ಫಲಕಗಳ ಹಿಂದೆ ಒಂದೊಂದು ಚೀಟಿ ಅಂಟಿಸಿದ್ದೇನೆ: ಸುರಿದ ತಾರೀಕು, ಯಾವ ಕಪ್ಪು, ಯಾವ ವಾರ್ನಿಶ್, ಅದನ್ನು ತೆಗೆಯುವ ದ್ರಾವಕ ಯಾವುದು. ಎದುರಿಗೆ, ಸ್ವಚ್ಛತಾ ಸಿಬ್ಬಂದಿಯ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ, ಇನ್ನೊಂದು: ಒಣ ಬ್ರಷ್ ಮಾತ್ರ, ಒದ್ದೆ ಬಟ್ಟೆ ಬೇಡ.